ಚೋಕ್ ಎಳೆದ ಕೈ, ಡೈನಮೊ ಒತ್ತಿದ ಕಾಲು

ಹಳೆಯ ಕಾರುಗಳ ಪ್ರದರ್ಶನ ಎಲ್ಲೇ ನಡೆಯಲಿ, ನೋಡಲು ಬಂದವರು ನಡೆದುಕೊಳ್ಳುವ ರೀತಿ ಹೆಚ್ಚುಕಡಿಮೆ ಒಂದೇ. ಮೊದಲು ದೂರ ನಿಂತು ಫೋಟೊ, ಆಮೇಲೆ ಸುತ್ತ ಒಂದು ಪ್ರದಕ್ಷಿಣೆ, ಕೊನೆಗೆ ಮೆಲ್ಲಗೆ ಕಿಟಕಿಯೊಳಗೆ ಇಣುಕು. ಮಾಲೀಕರು ‘ಪರವಾಗಿಲ್ಲ, ಒಳಗೆ ಕೂತ್ಕೊಳ್ಳಿ ಸಾರ್’ ಎಂದು ಬಾಗಿಲು ತೆಗೆದರೆ ಐವತ್ತು ದಾಟಿದವರ ಕೈ ಸ್ಟಿಯರಿಂಗಿನ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ತಡಕಾಡಿ ಚೋಕ್ ಗುಂಡಿಯನ್ನು ಹುಡುಕುತ್ತದೆ, ಮುಂಬಾಗಿಲ ಮೂಲೆಯ ತ್ರಿಕೋನದ ಗಾಜನ್ನು ಹೊರಕ್ಕೆ ತಿರುವುತ್ತದೆ, ರೇಡಿಯೊದ ಮುಳ್ಳನ್ನು ಆ ತುದಿಯಿಂದ ಈ ತುದಿಗೆ ಓಡಿಸುತ್ತದೆ. ಪಕ್ಕದಲ್ಲಿ ಯಾರಾದರೂ ಹಳೆಯ ರ್‍ಯಾಲೀ ಸೈಕಲ್ಲನ್ನು ಒರೆಸಿ ನಿಲ್ಲಿಸಿದ್ದರೆ ಅಲ್ಲೂ ಇದೇ ಕಥೆ. ಬಣ್ಣ ಹೇಗಿದೆ ಎಂದು ನೋಡುವವರಿಗಿಂತ ಬೆಲ್ ಬಾರಿಸುವವರು, ಪೆಡಲನ್ನು ಹಿಂದಕ್ಕೆ ತಿರುಗಿಸಿ ಫ್ರೀವೀಲಿನ ಕಟಕಟ ಕೇಳುವವರು, ಡೈನಮೊವನ್ನು ಟಯರಿಗೆ ತಾಗಿಸಿ ‘ಇನ್ನೂ ಕೆಲಸ ಮಾಡುತ್ತಾ?’ ಎಂದು ವಿಚಾರಿಸುವವರೇ ಜಾಸ್ತಿ.

ಇದನ್ನು ಹಳಹಳಿಕೆ ಎಂದು ಕರೆದು ಮುಗುಳ್ನಕ್ಕು ಮುಂದೆ ಸಾಗುವುದು ವಾಡಿಕೆ. ಹೋದ ಬಾಲ್ಯ ಬಾರದು, ಅದಕ್ಕೇ ಅದರ ಸಾಮಾನು ಸರಂಜಾಮಿನ ಮೇಲೆ ಮೋಹ ಎಂಬ ವಿವರಣೆ ಎಲ್ಲರ ಬಾಯಲ್ಲೂ ಸಿದ್ಧವಾಗಿದೆ. ಅಷ್ಟೇ ಆಗಿದ್ದರೆ ಆ ಕಾಲದ ಎಲ್ಲ ವಸ್ತುಗಳೂ ಸರಿಸಮನಾಗಿ ಕಾಡಬೇಕಿತ್ತಲ್ಲ? ಬೇಸಿಗೆಯಲ್ಲಿ ತೊಡೆ ಸುಡುತ್ತಿದ್ದ ರೆಕ್ಸಿನ್ ಸೀಟು, ಕಾರಿನೊಳಗಿನ ಬೂದಿಬಟ್ಟಲು, ಪ್ಯಾಂಟಿನ ಕಾಲಿಗೆ ಮಸಿ ಬಳಿಯುತ್ತಿದ್ದ ಸೈಕಲ್ ಚೈನು, ಇವೂ ಅದೇ ಬಾಲ್ಯದವು. ಇವುಗಳಿಗಾಗಿ ನಿಟ್ಟುಸಿರು ಬಿಡುವವರು ಅಪರೂಪ. ನೆನಪು ಆರಿಸಿಕೊಳ್ಳುತ್ತದೆ, ಮತ್ತು ಆ ಆಯ್ಕೆಗೆ ಒಂದು ಕ್ರಮವಿದೆ. ಕೈ ಮಾಡಿದ್ದೇನು, ಅದರಿಂದ ಆದದ್ದೇನು ಎಂಬುದು ಅಲ್ಲೇ, ಆಗಲೇ ಕಣ್ಣಿಗೋ ಕಿವಿಗೋ ಸಿಗುತ್ತಿದ್ದ ಸಾಧನಗಳೇ ಮತ್ತೆ ಮತ್ತೆ ನೆನಪಾಗುತ್ತವೆ. ಯಂತ್ರಗಳು ತಮ್ಮ ಗುಟ್ಟನ್ನು ಬಳಸುವವರಿಗೆ ಬಿಟ್ಟುಕೊಡುತ್ತಿದ್ದವು, ಈಗ ಬಿಟ್ಟುಕೊಡುತ್ತಿಲ್ಲ. ಹಳಹಳಿಕೆಯ ದೊಡ್ಡ ಪಾಲು ಈ ನಷ್ಟದ ಲೆಕ್ಕ ಎಂಬುದು ನನ್ನ ವಾದ. ಆ ಲೆಕ್ಕದಲ್ಲಿ ಭಾವುಕತೆ ಬೆರೆತಿದೆ ನಿಜ, ಲೆಕ್ಕ ಮಾತ್ರ ತಪ್ಪಿಲ್ಲ.

ಎಲ್ಲವೂ ಹೊರಗೇ ಇದ್ದ ಯಂತ್ರ

ಸೈಕಲ್ಲಿನಿಂದಲೇ ತೊಡಗೋಣ. ಸ್ವಾತಂತ್ರ್ಯಕ್ಕೆ ಮುಂಚೆ ನಮ್ಮ ಊರುಗಳ ರಸ್ತೆಯಲ್ಲಿ ಓಡುತ್ತಿದ್ದವುಗಳಲ್ಲಿ ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದ ರ್‍ಯಾಲೀ, ಹರ್ಕ್ಯುಲಿಸ್, ಬಿಎಸ್‌ಎಗಳೇ ಹೆಚ್ಚು. 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೊ ಸೈಕಲ್ಸ್ ಹುಟ್ಟಿಕೊಂಡ ಮೇಲೆ ಚಿತ್ರ ಬದಲಾಯಿತು. 1986ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಸೈಕಲ್ ತಯಾರಿಸುವ ಕಂಪನಿಯೆಂದು ಹೀರೊ ಗಿನ್ನೆಸ್ ದಾಖಲೆ ಸೇರಿತು. ಹೆಡ್‌ನ ಮೇಲಿನ ಬಿಲ್ಲೆಯಲ್ಲಿ ಯಾವ ಹೆಸರಿದ್ದರೂ ಸೈಕಲ್ಲಿನ ಅಂಗರಚನೆ ಮಾತ್ರ ಒಂದೇ ಆಗಿತ್ತು: ದಪ್ಪ ಉಕ್ಕಿನ ಕೊಳವೆಗಳ ಚೌಕಟ್ಟು, 28 ಇಂಚಿನ ಚಕ್ರ, ಹ್ಯಾಂಡಲ್ಲಿನಿಂದ ಚಕ್ರದವರೆಗೆ ಇಳಿದ ಕಂಬಿಗಳ ಬ್ರೇಕು. ವಿನ್ಯಾಸ ದಶಕಗಟ್ಟಲೆ ಬದಲಾಗಲಿಲ್ಲ ಎಂಬುದನ್ನು ಆರ್ಥಿಕ ತಜ್ಞರು ಪೈಪೋಟಿಯ ಕೊರತೆ ಎಂದು ಓದುತ್ತಾರೆ, ಸರಿಯೇ. ಅದೇ ಕಾರಣಕ್ಕೆ ಒಂದು ಕಂಪನಿಯ ಪೆಡಲು ಇನ್ನೊಂದರ ಕ್ರ್ಯಾಂಕಿಗೆ ಹೊಂದುತ್ತಿತ್ತು, ಅಪ್ಪನ ಸೈಕಲ್ಲಿನ ಸ್ಪ್ಯಾನರ್ ಮಗನ ಸೈಕಲ್ಲಿಗೂ ಬರುತ್ತಿತ್ತು, ತೀರಾ ಸಣ್ಣ ಊರಿನ ಪಂಕ್ಚರ್ ಅಂಗಡಿಯಲ್ಲೂ ಬೇಕಾದ ಬಾಲ್ಸು, ಕೋನು, ಕಡ್ಡಿ ಸಿಗುತ್ತಿದ್ದವು.

ಮಕ್ಕಳಿಗಾಗಿ ಈ ಯಂತ್ರವನ್ನು ಯಾರೂ ಮಾಡಿರಲಿಲ್ಲ. ಆದ್ದರಿಂದಲೇ ಮಕ್ಕಳು ಅದನ್ನು ತಮ್ಮ ಅಳತೆಗೆ ಬಗ್ಗಿಸಿಕೊಳ್ಳಬೇಕಾಯಿತು. ಸೀಟಿನ ಮೇಲೆ ಕೂತರೆ ಕಾಲು ಎಟಕದು, ಬಾರ್ ಮೇಲೆ ಕೂತರೆ ತೋಲ ಸಿಗದು. ಚೌಕಟ್ಟಿನ ತ್ರಿಕೋನದೊಳಗೆ ಒಂದು ಕಾಲು ತೂರಿಸಿ, ಸೊಂಟವನ್ನು ಒಂದು ಪಕ್ಕಕ್ಕೆ ವಾಲಿಸಿ, ಅರ್ಧ ಸುತ್ತು ತುಳಿದು ಅರ್ಧ ಸುತ್ತು ಹಿಂದಕ್ಕೆ ತರುವ ಒಳಪೆಡಲಿನ ವಿದ್ಯೆ ಹುಟ್ಟಿದ್ದು ಹೀಗೆ. ಅದಕ್ಕೆ ಸ್ವಂತ ಸೈಕಲ್ ಬೇಕಿರಲಿಲ್ಲ. ಮಡ್‌ಗಾರ್ಡಿನ ಮೇಲೆ ನಂಬರು ಬರೆದ ಬಾಡಿಗೆ ಸೈಕಲ್ಲುಗಳು ಗಂಟೆಯ ಲೆಕ್ಕದಲ್ಲಿ ಸಿಗುತ್ತಿದ್ದವು. ಬಿದ್ದು ಹ್ಯಾಂಡಲ್ ತಿರುಚಿದರೆ ಮುಂದಿನ ಚಕ್ರವನ್ನು ಎರಡು ಮೊಣಕಾಲಿನ ನಡುವೆ ಹಿಡಿದು ನೇರ ಮಾಡುವುದು, ಚೈನು ಕಳಚಿದರೆ ಕಡ್ಡಿ ಹಾಕಿ ಹಲ್ಲಿಗೆ ಏರಿಸುವುದು, ಇವೆಲ್ಲ ಅಂಗಡಿಗೆ ಮರಳಿಸುವ ಮುನ್ನವೇ ಆಗಬೇಕಿತ್ತು. ಯಾರೂ ಪಾಠ ಹೇಳಲಿಲ್ಲ. ಪಾಠ ಹೇಳುವ ಅಗತ್ಯವೂ ಇರಲಿಲ್ಲ. ಏನು ಯಾವುದನ್ನು ಎಳೆಯುತ್ತದೆ, ಯಾವುದು ಯಾವುದಕ್ಕೆ ಸಿಕ್ಕಿಕೊಂಡಿದೆ ಎಂಬುದು ಕಣ್ಣೆದುರಿಗೇ ಇತ್ತು.

ಸೈಕಲ್ಲಿನ ಸಾಧನಗಳ ಪೈಕಿ ಡೈನಮೊಗೆ ಸಿಕ್ಕಿರುವ ನೆನಪಿನ ಪಟ್ಟ ಮತ್ತಾವುದಕ್ಕೂ ಸಿಕ್ಕಿಲ್ಲ. ಕಾರಣ ಹುಡುಕಿದರೆ ನನ್ನ ವಾದಕ್ಕೆ ಅತ್ಯುತ್ತಮ ಸಾಕ್ಷಿ ಅಲ್ಲೇ ಸಿಗುತ್ತದೆ. ಸೀಸೆಯಾಕಾರದ ಆ ಪುಟ್ಟ ಡಬ್ಬಿಯೊಳಗೆ ಇರುವುದು ಒಂದು ಅಯಸ್ಕಾಂತ, ಸುತ್ತ ತಂತಿಯ ಸುರುಳಿ. ಸ್ಪ್ರಿಂಗ್ ಬಿಟ್ಟರೆ ಅದರ ತಲೆ ಟಯರಿನ ಮಗ್ಗುಲಿಗೆ ಒತ್ತಿಕೊಂಡು ಗಿರಗಿರ ತಿರುಗುತ್ತದೆ, ಅಯಸ್ಕಾಂತ ತಿರುಗಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ತ್ವ ಇಷ್ಟೇ. ಸಾಮಾನ್ಯ ಸೈಕಲ್ ಡೈನಮೊ ಕೊಡುತ್ತಿದ್ದದ್ದು 6 ವೋಲ್ಟಿನಲ್ಲಿ ಸುಮಾರು 3 ವ್ಯಾಟ್. ಇಂದಿನ ಲೆಕ್ಕದಲ್ಲಿ ಏನೇನೂ ಅಲ್ಲ. ಆದರೆ ಅದರ ನಡವಳಿಕೆ ನೋಡಿ. ಜೋರಾಗಿ ತುಳಿದರೆ ದೀಪ ಬೆಳಗುತ್ತದೆ, ಏರಿನಲ್ಲಿ ಮಂಕಾಗುತ್ತದೆ, ನಿಂತರೆ ಆರುತ್ತದೆ, ಇಳಿಜಾರಿನಲ್ಲಿ ಮೈಮರೆತರೆ ಬಲ್ಬೇ ಸುಟ್ಟುಹೋಗುತ್ತದೆ. ಡೈನಮೊ ಒತ್ತಿದ ಕೂಡಲೇ ಪೆಡಲು ಭಾರವಾಗುತ್ತದೆ, ಏಕೆಂದರೆ ಬೆಳಕು ಪುಕ್ಕಟೆ ಬರುವುದಿಲ್ಲ, ಕಾಲಿನ ಶಕ್ತಿಯೇ ಹಾಗೆ ಮಾರ್ಪಡುತ್ತದೆ. ಶಕ್ತಿಯ ಸಂರಕ್ಷಣೆಯ ನಿಯಮವನ್ನು ಶಾಲೆಯ ಪುಸ್ತಕ ಹೇಳುವ ಎಷ್ಟೋ ಮೊದಲೇ ತೊಡೆಯ ಸ್ನಾಯು ಕಲಿತಿರುತ್ತಿತ್ತು. ದೀಪವಿಲ್ಲದ ಸೈಕಲ್ಲನ್ನು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದ ಪೊಲೀಸರ ಭಯವೂ ಈ ಕಲಿಕೆಗೆ ನೆರವಾಯಿತು ಎನ್ನಬೇಕು.

ಇದರಾಚೆಗೆ ಮಕ್ಕಳೇ ಸೇರಿಸಿಕೊಂಡ ಅಲಂಕಾರಗಳಿದ್ದವು. ಕಡ್ಡಿಗಳ ನಡುವೆ ರಟ್ಟಿನ ಚೂರು ಸಿಕ್ಕಿಸಿದರೆ ಮೋಟಾರ್‌ಸೈಕಲ್ಲಿನ ಸದ್ದು. ಕಡ್ಡಿಗೊಂದು ಬಣ್ಣದ ಮಣಿ, ಹ್ಯಾಂಡಲ್ಲಿಗೆ ಕನ್ನಡಿ, ಮಡ್‌ಗಾರ್ಡಿನ ತುದಿಗೆ ಹೆಸರು ಬರೆಸಿದ ರಬ್ಬರ್ ಪಟ್ಟಿ. ಸೈಕಲ್ ಕಾರಾಗಲು ಹಂಬಲಿಸುವುದು ನಮ್ಮಲ್ಲಿ ಮಾತ್ರ ಕಂಡ ಸಂಗತಿಯಲ್ಲ. ಅಮೆರಿಕದಲ್ಲಿ ಶ್ವಿನ್ ಕಂಪನಿ 1963ರಲ್ಲಿ ತಂದ ಸ್ಟಿಂಗ್-ರೇ, ಅದಾದ ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ಮಕ್ಕಳ ತಲೆ ಕೆಡಿಸಿದ ರ್‍ಯಾಲೀ ಚಾಪರ್ ಇದೇ ಆಸೆಯ ಮೇಲೆ ನಿಂತವು. ಚಾಪರ್‌ನ ಮೂರು ಗೇರುಗಳನ್ನು ಬದಲಿಸುವ ಲಿವರ್ ಹ್ಯಾಂಡಲ್ಲಿನ ಮೇಲಿರಲಿಲ್ಲ, ಕಾರಿನಲ್ಲಿರುವಂತೆ ಸವಾರನ ಮುಂದೆ ಬಾರ್ ಮೇಲೆ ಎದ್ದು ನಿಂತಿತ್ತು. ಅದು ಅಲ್ಲಿರಲು ಯಾಂತ್ರಿಕ ಕಾರಣ ಒಂದೂ ಇಲ್ಲ. ಗೇರ್ ಬದಲಾಯಿತು ಎಂಬುದು ಸವಾರನಿಗೂ ನೋಡುವವರಿಗೂ ಗೊತ್ತಾಗಲಿ ಎಂಬುದಷ್ಟೇ ಉದ್ದೇಶ. 2023ರಲ್ಲಿ ರ್‍ಯಾಲೀ ಕಂಪನಿ ಆ ಸೈಕಲ್ಲನ್ನು 950 ಪೌಂಡ್ ಬೆಲೆಗೆ ಮತ್ತೆ ಸೀಮಿತ ಸಂಖ್ಯೆಯಲ್ಲಿ ಮಾರುಕಟ್ಟೆಗೆ ಬಿಟ್ಟಾಗ ಬೇಗನೆ ಖಾಲಿಯಾಯಿತು. ಲಿವರ್ ಇದ್ದ ಜಾಗದಲ್ಲೇ ಇತ್ತು.

ಡ್ಯಾಶ್‌ಬೋರ್ಡಿನ ಹಿಂದಿನ ತಂತಿ

ಕಾರಿನ ಕಥೆ ಸ್ವಲ್ಪ ಬೇರೆ. ಸೈಕಲ್ಲಿನಂತೆ ಅದು ಎಲ್ಲರ ಕೈಗೂ ಸಿಕ್ಕಿದ್ದಲ್ಲ. ಕೋಲ್ಕತ್ತದ ಹತ್ತಿರದ ಉತ್ತರಪಾರಾದಲ್ಲಿ ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಮೇಲೆ ತಯಾರಾದ ಅಂಬಾಸಿಡರ್, ಮುಂಬೈಯ ಕುರ್ಲಾದಲ್ಲಿ ಫಿಯೆಟ್ 1100 ಮಾದರಿಯ ಮೇಲೆ ತಯಾರಾದ ಪ್ರೀಮಿಯರ್ ಪದ್ಮಿನಿ, ಇವೆರಡು ಹೆಸರು ಹೇಳಿದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬರುವವರೆಗಿನ ಭಾರತದ ಕಾರುಗಳ ಇತಿಹಾಸ ಬಹುಮಟ್ಟಿಗೆ ಮುಗಿಯುತ್ತದೆ. ಬಹಳಷ್ಟು ಮಕ್ಕಳಿಗೆ ಕಾರೆಂದರೆ ಮದುವೆಗೋ ಆಸ್ಪತ್ರೆಗೋ ಬಂದ ಬಾಡಿಗೆ ವಾಹನದ ಹಿಂದಿನ ಸೀಟು, ಅಥವಾ ಆಯುಧಪೂಜೆಯ ದಿನ ಹೂವಿನ ಹಾರ ಹಾಕಿಸಿಕೊಂಡು ನಿಂತ ಯಜಮಾನರ ಗಾಡಿ. ಹಾಗಿದ್ದೂ ಅದರ ಒಳಗುಟ್ಟು ಅವರಿಗೆ ತಕ್ಕಮಟ್ಟಿಗೆ ತಿಳಿದಿರುತ್ತಿತ್ತು, ಡ್ರೈವರ್ ಮಾಡುತ್ತಿದ್ದ ಪ್ರತಿಯೊಂದು ಕೆಲಸವೂ ಹೊರಗೆ ಕಾಣುತ್ತಿತ್ತಲ್ಲ.

ಚೋಕ್ ಎಂದರೇನು? ಪೆಟ್ರೋಲ್ ಆವಿಯಾಗಿ ಗಾಳಿಯೊಡನೆ ಬೆರೆತರೆ ಮಾತ್ರ ಎಂಜಿನ್ನಿನಲ್ಲಿ ಸರಿಯಾಗಿ ಉರಿಯುತ್ತದೆ. ಚಳಿಯ ಮುಂಜಾನೆ ತಣ್ಣಗಿರುವ ಎಂಜಿನ್ನಿನಲ್ಲಿ ಅದು ಸುಲಭವಾಗಿ ಆವಿಯಾಗದು. ಗುಂಡಿ ಎಳೆದರೆ ಅದರ ಹಿಂದಿನ ತಂತಿ ಕಾರ್ಬ್ಯುರೇಟರಿಗೆ ಹೋಗುವ ಗಾಳಿಯ ದಾರಿಯನ್ನು ಕಿರಿದು ಮಾಡುತ್ತದೆ. ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಎಂಜಿನ್ ಬಿಸಿಯಾಗುತ್ತಿದ್ದಂತೆ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ಒಳಕ್ಕೆ ತಳ್ಳಬೇಕು. ಬೇಗ ತಳ್ಳಿದರೆ ಎಂಜಿನ್ ಕೆಮ್ಮಿ ನಿಲ್ಲುತ್ತದೆ, ಮರೆತರೆ ಕಪ್ಪು ಹೊಗೆ, ಅತಿಯಾಗಿ ಎಳೆದರೆ ಹೊತ್ತಿಕೊಳ್ಳುವುದೇ ಇಲ್ಲ. ಸದ್ದು ಕೇಳಿಕೊಂಡೇ ಅದನ್ನು ಹದಕ್ಕೆ ತರಬೇಕಿತ್ತು. ಯಾವುದಕ್ಕೂ ಬಗ್ಗದಿದ್ದರೆ ಡಿಕ್ಕಿಯಿಂದ ಹ್ಯಾಂಡಲ್ ತೆಗೆದು ಮುಂದಿನ ಬಂಪರಿನ ತೂತಿಗೆ ತೂರಿಸಿ ತಿರುಗಿಸುವುದು. ಅಮೆರಿಕದ ಕ್ಯಾಡಿಲ್ಯಾಕ್ ಕಾರಿಗೆ 1912ರಲ್ಲೇ ವಿದ್ಯುತ್ ಸ್ಟಾರ್ಟರ್ ಬಂದಿತ್ತು. ನಮ್ಮಲ್ಲಿ ಬ್ಯಾಟರಿಯ ಮೇಲಿನ ಅಪನಂಬಿಕೆಯಿಂದಾಗಿ ಆ ಕಬ್ಬಿಣದ ಹ್ಯಾಂಡಲ್ ಆಮೇಲೂ ದಶಕಗಳ ಕಾಲ ಡಿಕ್ಕಿಯಲ್ಲಿ ಉಳಿದುಕೊಂಡಿತು.

ತ್ರಿಕೋನದ ಗಾಜಿನದು ಇನ್ನೂ ಚೆಂದದ ತಂತ್ರ. ಅದನ್ನು ಸ್ವಲ್ಪವೇ ಓರೆ ಮಾಡಿದರೆ ಓಡುವ ಕಾರಿನ ಪಕ್ಕದ ಗಾಳಿ ಒಳಗಿನ ಬಿಸಿಯನ್ನು ಹೊರಕ್ಕೆ ಸೆಳೆಯುತ್ತದೆ, ಪೂರ್ತಿ ತಿರುವಿದರೆ ಹೊರಗಿನ ಗಾಳಿ ನೇರ ಮುಖಕ್ಕೆ ಬಡಿಯುತ್ತದೆ. ಮೋಟಾರಿಲ್ಲ, ವಿದ್ಯುತ್ತಿಲ್ಲ. ಎಸಿ ಬಂದ ಮೇಲೆ ಅದಕ್ಕೆ ಕೆಲಸ ಉಳಿಯಲಿಲ್ಲ. ದಿಕ್ಕು ತೋರಿಸಲು ಮಾರಿಸ್ ಮೈನರ್‌ನಂಥ ಕಾರುಗಳಲ್ಲಿ 1961ರವರೆಗೂ ಬಾಗಿಲ ಪಕ್ಕದ ಕಂಬದಿಂದ ಪುಟ್ಟದೊಂದು ಕಿತ್ತಳೆ ಬಣ್ಣದ ಕೈ ಹೊರಚಿಮ್ಮುತ್ತಿತ್ತು. ಅದರ ಜಾಗಕ್ಕೆ ಮಿನುಗು ದೀಪ ಬಂತು, ಜೊತೆಗೆ ಟಿಕ್ ಟಿಕ್ ಸದ್ದು. ಈ ಸದ್ದನ್ನು ಯಾರೂ ಬೇಕೆಂದು ಇಟ್ಟದ್ದಲ್ಲ. ದೀಪವನ್ನು ಹೊತ್ತಿಸಿ ಆರಿಸುವ ರಿಲೇ ಒಳಗೆ ಲೋಹದ ಪಟ್ಟಿ ಬಿಸಿಯಾಗಿ ಬಾಗಿ, ತಣಿದು ಮರಳುವಾಗ ಹುಟ್ಟುತ್ತಿದ್ದ ಶಬ್ದ ಅದು. ಒಂದು ಬಲ್ಬ್ ಹೋದರೆ ಲಯವೇ ಬದಲಾಗುತ್ತಿತ್ತು, ಡ್ರೈವರ್ ಕೆಳಗಿಳಿಯದೆ ಊಹಿಸುತ್ತಿದ್ದ. ಇಂದಿನ ಅನೇಕ ಕಾರುಗಳಲ್ಲಿ ಆ ರಿಲೇ ಇಲ್ಲ. ಸದ್ದು ಮಾತ್ರ ಇದೆ, ಸ್ಪೀಕರಿನಿಂದ ಬರುತ್ತದೆ. ಅಂದರೆ ಕಾರು ತಯಾರಕರೇ ಒಪ್ಪಿಕೊಂಡಂತಾಯಿತು: ಯಂತ್ರ ತಾನು ಏನು ಮಾಡುತ್ತಿದ್ದೇನೆಂದು ಹೇಳದಿದ್ದರೆ ಮನುಷ್ಯನಿಗೆ ತಳಮಳವಾಗುತ್ತದೆ.

ವಾದಕ್ಕೆ ವಿರುದ್ಧ ದಿಕ್ಕಿನ ಪರೀಕ್ಷೆಯೂ ಬೇಕು. 1956ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ಕಾರಿನೊಳಗೆ ಗ್ರಾಮಫೋನ್ ಕೂರಿಸಿತ್ತು, ‘ಹೈವೇ ಹೈ-ಫೈ’ ಎಂಬ ಹೆಸರಿನಲ್ಲಿ. ಅದರ ವಿಶೇಷ ತಟ್ಟೆಗಳು ಬೇರೆ ಅಂಗಡಿಯಲ್ಲಿ ಸಿಗವು, ಕೆಟ್ಟರೆ ಮನೆಯಲ್ಲಿ ರಿಪೇರಿಯಾಗದು. ಇಂದು ಅದು ವಸ್ತುಸಂಗ್ರಹಾಲಯದ ಕೌತುಕ ಮಾತ್ರ. ಅದೇ ಕ್ಯಾಸೆಟ್ಟನ್ನು ನೋಡಿ. ಫಿಲಿಪ್ಸ್ 1963ರಲ್ಲಿ ಪರಿಚಯಿಸಿದ ಈ ಡಬ್ಬಿಯಲ್ಲಿ ಹಾಡು ಎಷ್ಟು ಮುಗಿಯಿತು, ಎಷ್ಟು ಉಳಿಯಿತು ಎಂಬುದು ಸುರುಳಿಯ ದಪ್ಪದಲ್ಲೇ ಕಾಣುತ್ತಿತ್ತು. ಸಿಕ್ಕಾದ ಟೇಪನ್ನು ಪೆನ್ಸಿಲ್ ತೂರಿಸಿ ಸುತ್ತಬಹುದಿತ್ತು, ತುಂಡಾದದ್ದನ್ನು ಅಂಟಿಸಬಹುದಿತ್ತು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಟೇಪು ಅರವತ್ತರದಕ್ಕಿಂತ ತೆಳು, ಬೇಗ ಸಿಕ್ಕಾಗುತ್ತದೆ ಎಂಬ ಜ್ಞಾನ ಪ್ರತಿಯೊಬ್ಬ ಟ್ಯಾಕ್ಸಿ ಡ್ರೈವರನಿಗೂ ಇತ್ತು. ಧ್ವನಿಯ ಗುಣಮಟ್ಟದಲ್ಲಿ ಸಿ.ಡಿ. ಎಷ್ಟೋ ಮೇಲು. ಹಳಹಳಿಕೆ ಮಾತ್ರ ಕ್ಯಾಸೆಟ್ಟಿನ ಪಾಲಿಗೆ.

ನೆನಪು ಮೋಸ ಮಾಡುವುದಿಲ್ಲವೇ?

ಮೊದಲ ಆಕ್ಷೇಪ ಮನಶ್ಶಾಸ್ತ್ರದ್ದು. ನಡುವಯಸ್ಸು ದಾಟಿದವರನ್ನು ನೆನಪುಗಳ ಬಗ್ಗೆ ಕೇಳಿದರೆ ಸುಮಾರು ಹತ್ತರಿಂದ ಮೂವತ್ತರವರೆಗಿನ ವಯಸ್ಸಿನ ಘಟನೆಗಳೇ ಹೆಚ್ಚಾಗಿ ಬರುತ್ತವೆ ಎಂಬುದು ಅಧ್ಯಯನಗಳಲ್ಲಿ ಪದೇ ಪದೇ ಕಂಡುಬಂದ ಸಂಗತಿ. ಹಾಗಿರುವಾಗ ಡೈನಮೊಗೂ ಚೋಕಿಗೂ ವಿಶೇಷ ಗುಣ ಆರೋಪಿಸುವುದೇಕೆ? ಆ ವಯಸ್ಸಿನಲ್ಲಿ ಸಿಕ್ಕಿದ್ದು ಅವು, ಅಷ್ಟೇ. ಈ ಆಕ್ಷೇಪದಲ್ಲಿ ತೂಕವಿದೆ, ಆದರೆ ಅದು ಉತ್ತರಿಸುವುದು ‘ಯಾವಾಗ’ ಎಂಬ ಪ್ರಶ್ನೆಯನ್ನು. ‘ಯಾವುದು’ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅದೂ ಅಲ್ಲದೆ, ಆ ಕಾಲವನ್ನು ಕಾಣದವರಿಗೂ ಈ ಸೆಳೆತವಿದೆ. ಅಮೆರಿಕದಲ್ಲಿ 2020ರಲ್ಲಿ, 1980ರ ದಶಕದ ನಂತರ ಮೊದಲ ಸಲ, ಗ್ರಾಮಫೋನ್ ತಟ್ಟೆಗಳ ಮಾರಾಟದ ಮೊತ್ತ ಸಿ.ಡಿ.ಗಳದ್ದನ್ನು ಮೀರಿತು. ಕೊಂಡವರೆಲ್ಲ ಅಜ್ಜಂದಿರಲ್ಲ.

ಇನ್ನೊಂದು ಸಂಶೋಧನೆ ಇಲ್ಲಿ ಹೆಚ್ಚು ಉಪಯುಕ್ತ. ಮೈಕೆಲ್ ನಾರ್ಟನ್, ಡೇನಿಯಲ್ ಮೊಚನ್, ಡ್ಯಾನ್ ಏರಿಯಲಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ತಾವೇ ಜೋಡಿಸಿದ ವಸ್ತುವಿಗೆ ಇತರರಿಗಿಂತ ಹೆಚ್ಚು ಬೆಲೆ ಕಟ್ಟುತ್ತಾರೆ ಎಂಬುದು ಕಂಡುಬಂತು. ಕಾಗದ ಮಡಿಚಿ ಮಾಡಿದ ಸೊಟ್ಟ ಕೊಕ್ಕರೆಯೂ ಮಾಡಿದವರ ಕಣ್ಣಿಗೆ ಪರಿಣತರ ಕೆಲಸದಷ್ಟೇ ಚೆಂದ. ಮುಖ್ಯವಾದ ಮಾತು ಮುಂದಿನದು. ಕೆಲಸವನ್ನು ಮುಗಿಸಲಾಗದೆ ಬಿಟ್ಟವರಲ್ಲಿ ಈ ಒಲವು ಮಾಯವಾಗುತ್ತಿತ್ತು. ಬರೀ ಬೆವರು ಸುರಿಸಿದರೆ ಸಾಲದು, ಕೆಲಸ ಕೈಗೂಡಬೇಕು. ಹಳೆಯ ಸೈಕಲ್ಲಿಗೆ ಪ್ಯಾಚ್ ಹಾಕಿ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದಾಗ ಗುಳ್ಳೆ ಬರದಿದ್ದರೆ ಕೆಲಸ ಮುಗಿದಂತೆ. ಇಂದಿನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿದರೆ ಮನೆಯವರು ಮಾಡಬಹುದಾದ ಕೆಲಸ ಸರ್ವೀಸ್ ಸೆಂಟರಿಗೆ ಫೋನ್ ಮಾಡುವುದೊಂದೇ.

ಹಳೆಯದೆಲ್ಲ ಒಳ್ಳೆಯದಾಗಿತ್ತೇ?

ಖಂಡಿತ ಇರಲಿಲ್ಲ. ಈ ವಿಷಯದಲ್ಲಿ ಹಳಹಳಿಕೆಯ ಭಕ್ತರಿಗೆ ರಿಯಾಯಿತಿ ಕೊಡುವುದು ಸಲ್ಲದು. ಹಳೆಯ ಕಾರುಗಳ ಸ್ಟಿಯರಿಂಗ್ ದಂಡ ಗಟ್ಟಿ ಉಕ್ಕಿನದು, ಎದುರಿನಿಂದ ಡಿಕ್ಕಿಯಾದರೆ ಈಟಿಯಂತೆ ಡ್ರೈವರನ ಎದೆಗೇ ಬರುತ್ತಿತ್ತು. ಮೂರು ಬಿಂದುಗಳ ಸೀಟ್ ಬೆಲ್ಟನ್ನು ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ 1959ರಲ್ಲೇ ರೂಪಿಸಿದ್ದರೂ ನಮ್ಮ ಕಾರುಗಳ ಮುಂದಿನ ಸೀಟಿಗೆ ಬೆಲ್ಟ್ ಕಡ್ಡಾಯವಾದದ್ದು 1994ರಲ್ಲಿ. ಚೋಕ್ ಎಳೆದ ಎಂಜಿನ್ ಅರೆಬೆಂದ ಪೆಟ್ರೋಲನ್ನು ಹೊಗೆಯಾಗಿ ಉಗುಳುತ್ತಿತ್ತು. ಮಾಲಿನ್ಯದ ನಿಯಮಗಳು 2000ದ ಸುಮಾರಿಗೆ ಬಿಗಿಯಾದಾಗ ಕಾರ್ಬ್ಯುರೇಟರ್ ತೊಲಗಿ, ಸೆನ್ಸರುಗಳ ಲೆಕ್ಕದಂತೆ ಇಂಧನ ಚಿಮ್ಮಿಸುವ ವ್ಯವಸ್ಥೆ ಬಂದದ್ದು ನಮ್ಮ ಶ್ವಾಸಕೋಶಗಳ ಪುಣ್ಯ. ಕಾರಿಗೆ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯುತ್ತಿದ್ದ ಲೈಸೆನ್ಸ್ ರಾಜ್ಯದ ದಿನಗಳಿಗಂತೂ ಯಾರೂ ಮರಳಬೇಕಿಲ್ಲ. ಚಾಪರ್ ಮಾದರಿಯ ಸೈಕಲ್ಲುಗಳೂ ಪಾಪದಿಂದ ಹೊರತಲ್ಲ. ಬಾರ್ ಮೇಲೆ ಎದ್ದು ನಿಂತ ಲಿವರ್, ಮುಗ್ಗರಿಸಿದ ಹುಡುಗನಿಗೆ ಎಲ್ಲಿ ತಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. 1970ರ ದಶಕದ ಅಮೆರಿಕದ ಸುರಕ್ಷತಾ ನಿಯಮಗಳು ಅದನ್ನು ಅಲ್ಲಿಂದ ಕೀಳಿಸಿದವು.

ಆದರೆ ಇದರಿಂದ ಏನು ಸಾಬೀತಾಯಿತು? ಸ್ಟಿಯರಿಂಗ್ ದಂಡ ಕುಸಿಯದೆ ಇದ್ದದ್ದು ಅಪಾಯ. ಇಂಡಿಕೇಟರಿನ ಸದ್ದು ರಿಲೇಯಿಂದ ಬಂದದ್ದು ಅಪಾಯವಲ್ಲ. ಹಳೆಯ ಯಂತ್ರದಲ್ಲಿ ಈ ಎರಡೂ ಒಟ್ಟಿಗೇ ಇದ್ದವು ಎಂಬ ಕಾರಣಕ್ಕೆ ಒಂದನ್ನು ಬಿಟ್ಟರೆ ಇನ್ನೊಂದನ್ನೂ ಬಿಡಲೇಬೇಕೆಂಬ ನಿಯಮವಿಲ್ಲ. ಸೀಟ್ ಬೆಲ್ಟ್ ಎಂಬ ಅತ್ಯಂತ ಯಶಸ್ವಿ ಸುರಕ್ಷಾ ಸಾಧನವೇ ಸಾಕ್ಷಿ: ಅದರ ಕೆಲಸ ಮಗುವಿಗೂ ಅರ್ಥವಾಗುತ್ತದೆ. ಎಂಜಿನ್ನಿನ ಒಳಗಿನ ಇಂಧನದ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸುವುದು ಅನಿವಾರ್ಯ, ಕೈಗೆ ಅಷ್ಟು ನಿಖರತೆ ಎಲ್ಲಿಂದ ಬರಬೇಕು? ಗಾಳಿ ಎತ್ತ ಬೀಸಬೇಕೆಂದು ತೀರ್ಮಾನಿಸಲು ಪರದೆಯ ಮೂರನೆಯ ಪುಟಕ್ಕೆ ಹೋಗಬೇಕಾಗಿರುವುದು ಅನಿವಾರ್ಯವಲ್ಲ, ಅದು ತಯಾರಕರ ಖರ್ಚು ಉಳಿತಾಯ. ಹತ್ತಾರು ಗುಂಡಿ, ಅವುಗಳ ವೈರುಗಳಿಗಿಂತ ಒಂದು ಪರದೆ ಅಗ್ಗ.

ಯಾರ ಬಾಲ್ಯ?

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಬೇರೆಯೇ ಇದೆ. ಬಾಲ್ಯದ ಸೈಕಲ್ ಎಂದು ಕಣ್ಣರಳಿಸುವವರಲ್ಲಿ ಗಂಡಸರೇ ಹೆಚ್ಚೇಕೆ? ಊರಿನ ಎಲ್ಲ ಕೇರಿಗಳ ಮಕ್ಕಳಿಗೂ ಎಲ್ಲ ಬೀದಿಗಳಲ್ಲಿ ಸೈಕಲ್ ತುಳಿಯುವ ಸ್ವಾತಂತ್ರ್ಯವಿತ್ತೇ? ಇರಲಿಲ್ಲ. ಬಾಡಿಗೆ ಅಂಗಡಿಯ ಮುಂದೆ ನಾಣ್ಯ ಹಿಡಿದು ನಿಂತ ಹುಡುಗರ ಸಾಲಿನಲ್ಲಿ ಹುಡುಗಿಯರು ವಿರಳ. ಈ ಹಳಹಳಿಕೆ ಪಡೆದವರ ಹಳಹಳಿಕೆ ಎಂಬುದನ್ನು ಒಪ್ಪಿಕೊಳ್ಳದೆ ಮುಂದೆ ಹೋಗುವಂತಿಲ್ಲ. ಒಪ್ಪಿಕೊಂಡ ಮೇಲೆ, ಪಡೆಯದಿದ್ದವರ ಕೈಗೆ ಸೈಕಲ್ ಸಿಕ್ಕಾಗ ಏನಾಯಿತೆಂದು ನೋಡುವುದು ಉಚಿತ. ತಮಿಳುನಾಡಿನ ಪುದುಕ್ಕೋಟೆಯಲ್ಲಿ 1990ರ ದಶಕದ ಆರಂಭದ ಸಾಕ್ಷರತಾ ಆಂದೋಲನ ಸೈಕಲ್ ಕಲಿಕೆಯನ್ನೂ ಅಕ್ಷರದ ಜೊತೆ ಸೇರಿಸಿತು. ಕೂಲಿಕಾರ ಹೆಂಗಸರು, ಕಲ್ಲುಗಣಿಯ ಕೆಲಸಗಾರ್ತಿಯರು ಸಾವಿರಗಟ್ಟಲೆ ಕಲಿತರು. ಅವರಲ್ಲಿ ಕೆಲವರು ಲೇಡಿಸ್ ಸೈಕಲ್ಲಿಗಿಂತ ಗಂಡಸರ ಸೈಕಲ್ಲೇ ವಾಸಿ ಎಂದರಂತೆ, ಬಾರ್ ಮೇಲೆ ಮಗುವನ್ನು ಕೂರಿಸಬಹುದು ಎಂದು. ಬಿಹಾರದಲ್ಲಿ 2006ರಲ್ಲಿ ಪ್ರೌಢಶಾಲೆಯ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅವರ ಅಧ್ಯಯನದ ಪ್ರಕಾರ ಅದರಿಂದ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತು. ಕರ್ನಾಟಕವೂ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು.

ಬಸ್ಸಿನ ಪಾಸನ್ನೇ ಕೊಡಬಹುದಿತ್ತಲ್ಲ ಎನ್ನಬಹುದು. ಬಸ್ಸು ಬರುವ ಹೊತ್ತನ್ನು ಬೇರೆಯವರು ತೀರ್ಮಾನಿಸುತ್ತಾರೆ, ಕೆಟ್ಟರೆ ಬೇರೆಯವರು ಸರಿಮಾಡಬೇಕು. ಸೈಕಲ್ಲಿನ ಬಲವಿದ್ದದ್ದು ಇಡೀ ಯಂತ್ರ ಅದರ ಸವಾರಳ ಅರಿವಿನೊಳಗೆ, ಊರಿನ ಪಂಕ್ಚರ್ ಅಂಗಡಿಯ ಕೈಯಳತೆಯೊಳಗೆ ಇದ್ದುದರಲ್ಲಿ. ಮಣಿ ಪೋಣಿಸಿದ ಕಡ್ಡಿಗಳನ್ನು ನೆನೆದು ಕರಗುವ ಗಂಡಸರು ಕಳೆದುಕೊಂಡದ್ದೂ, ಈ ಹುಡುಗಿಯರು ತಡವಾಗಿ ಪಡೆದದ್ದೂ ಒಂದೇ ಎಂದು ನನಗನ್ನಿಸುತ್ತದೆ.

ಗುಂಡಿಗಳ ಮರುಪ್ರವೇಶ

ಹಳಹಳಿಕೆಯ ಲೆಕ್ಕ ತಪ್ಪಿಲ್ಲ ಎಂದೆನಲ್ಲ, ಅದಕ್ಕೆ ಪುರಾವೆ ಈಚಿನದು. ಕಾರಿನಲ್ಲಿ ಸ್ಪರ್ಶಪರದೆ ಹೊಸದೇನಲ್ಲ, ಬ್ಯೂಕ್ ಕಂಪನಿಯ ರಿವಿಯೆರಾ ಕಾರಿನಲ್ಲಿ 1986ರಲ್ಲೇ ಇತ್ತು, ಹಳೆಯ ಟಿ.ವಿ.ಯ ಕೊಳವೆಯಂಥದ್ದು. ಕಣ್ಣು ರಸ್ತೆಯಿಂದ ಹೊರಳುತ್ತದೆ ಎಂಬ ದೂರು ಆಗಲೇ ಬಂದಿತ್ತು, ಕಂಪನಿ ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಎರಡು ದಶಕದ ನಂತರ ಮೊಬೈಲಿನ ಪ್ರಭಾವದಿಂದ ಪರದೆ ದೊಡ್ಡದಾಗಿ ಮರಳಿತು. 2022ರಲ್ಲಿ ಸ್ವೀಡನ್ನಿನ ‘ವಿ ಬಿಲೆಗಾರೆ’ ಎಂಬ ಕಾರು ಪತ್ರಿಕೆ ಸರಳ ಪರೀಕ್ಷೆಯೊಂದನ್ನು ನಡೆಸಿತು. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡಿಸುತ್ತ ರೇಡಿಯೊ ಹಚ್ಚುವುದು, ಬಿಸಿ ಹೊಂದಿಸುವುದು ಮುಂತಾದ ನಾಲ್ಕು ಬಗೆಯ ಕೆಲಸ ಮಾಡಬೇಕು. ಗುಂಡಿಗಳಿದ್ದ 2005ರ ವೋಲ್ವೊ ವಿ70 ಕಾರಿನಲ್ಲಿ ಹತ್ತು ಸೆಕೆಂಡ್ ಹಿಡಿಯಿತು, ಅಷ್ಟರಲ್ಲಿ ಕಾರು 306 ಮೀಟರ್ ಸಾಗಿತ್ತು. ಹೊಸ ಕಾರುಗಳಲ್ಲಿ ತೀರಾ ಹಿಂದೆ ಬಿದ್ದದ್ದು 44.6 ಸೆಕೆಂಡ್ ತೆಗೆದುಕೊಂಡಿತು, ಸಾಗಿದ ದೂರ 1,372 ಮೀಟರ್. ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯೂರೊ ಎನ್‌ಕ್ಯಾಪ್ ಸಂಸ್ಥೆ, 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್, ಅಪಾಯದ ದೀಪ, ತುರ್ತು ಕರೆ ಈ ಐದಕ್ಕೆ ಕೈಗೆ ಸಿಗುವ ನಿಜವಾದ ಗುಂಡಿ ಅಥವಾ ಲಿವರ್ ಇದ್ದರೆ ಪೂರ್ತಿ ಅಂಕ ಎಂದು ಸಾರಿತು. ಹಳೆ ಕಾರಿನೊಳಗೆ ಕೂತು ತಡಕಾಡಿದ ಕೈಗೆ ಗೊತ್ತಿದ್ದ ಸಂಗತಿಗೆ ಕೊನೆಗೂ ಅಂಕಪಟ್ಟಿಯಲ್ಲಿ ಜಾಗ ಸಿಕ್ಕಿತು. ಕಣ್ಣು ತೆಗೆಯದೆ ಮುಟ್ಟಿ ತಿಳಿಯಬಹುದಾದದ್ದು ಹೆಚ್ಚು ಸುರಕ್ಷಿತ.

ನಾಳೆಯ ಹಳೆ ಕಾರು

ಉಳಿದಿರುವುದು ರಿಪೇರಿಯ ಪ್ರಶ್ನೆ, ಇಲ್ಲಿ ಸುದ್ದಿ ಅಷ್ಟು ಒಳ್ಳೆಯದಿಲ್ಲ. ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ, ಪದ್ಮಿನಿಯದು ಅದಕ್ಕೂ ದಶಕ ಮುಂಚೆ. ಮುಂಬೈಯ ರಸ್ತೆಗಳಿಂದ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ಪೂರ್ತಿ ಮರೆಯಾದದ್ದು 2023ರ ಅಕ್ಟೋಬರ್ ಕೊನೆಗೆ, ಅದೂ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿಯಿದ್ದುದರಿಂದ; ಓಡಲಾರದೆ ನಿಂತದ್ದಲ್ಲ. ಆ ಕಾರುಗಳ ಚೋಕ್ ತಂತಿ ಇಂದು ತುಂಡಾದರೂ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹೊಂದುವಂಥದ್ದು ಸಿಕ್ಕೀತು, ಸಿಗದಿದ್ದರೆ ಲೇತ್ ಹಾಕಿಕೊಂಡವರು ಮಾಡಿಕೊಟ್ಟಾರು. ಕಂಪನಿ ಇಲ್ಲದಿದ್ದರೂ ಯಂತ್ರ ಬದುಕುತ್ತದೆ. 2022ರ ಫೆಬ್ರುವರಿಯಲ್ಲಿ ಅಮೆರಿಕದ ಎಟಿ ಆ್ಯಂಡ್ ಟಿ ತನ್ನ 3ಜಿ ಜಾಲವನ್ನು ಮುಚ್ಚಿದಾಗ ಆದದ್ದೇ ಬೇರೆ. ಅದನ್ನು ನಂಬಿಕೊಂಡಿದ್ದ ಹಲವು ಕಂಪನಿಗಳ ಕಾರುಗಳಲ್ಲಿ, ಅಪಘಾತವಾದಾಗ ತಾನೇ ನೆರವಿಗೆ ಕರೆ ಮಾಡುವಂಥ ಸೌಲಭ್ಯಗಳು ನಿಂತುಹೋದವು. ಕಾರು ಚೆನ್ನಾಗಿತ್ತು, ಯಾವ ಭಾಗವೂ ಸವೆದಿರಲಿಲ್ಲ. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ಮಾಡಿ, ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದು, ಮಾಹಿತಿಗೊಂದು ಜಾಲತಾಣ ತೆರೆದದ್ದು ಸರಿಯಾದ ದಿಕ್ಕಿನ ಹೆಜ್ಜೆಯೇ. ಬಿಡಿಭಾಗ, ಕೈಪಿಡಿ ಎಲ್ಲಿ ಸಿಗುತ್ತವೆಂದು ತಿಳಿದರೆ ಅರ್ಧ ಕೆಲಸ ಆದಂತೆ. ಇನ್ನರ್ಧ ಸಾಫ್ಟ್‌ವೇರಿನದು. ಇಂದು ಹಿಂದಿನ ಸೀಟಿನಲ್ಲಿ ಕೂತ ಮಗು ಐವತ್ತು ದಾಟಿ, ಅಪ್ಪನ ಕಾಲದ ಕಾರೊಂದನ್ನು ಹುಡುಕಿ ತಂದು ಓಡುವಂತೆ ಮಾಡಬೇಕೆಂದರೆ ಟಯರು, ಬ್ಯಾಟರಿಗಳ ಜೊತೆಗೆ ಮುಚ್ಚಿಹೋದ ಕಂಪನಿಯೊಂದರ ಪಾಸ್‌ವರ್ಡನ್ನೂ ಸಂಪಾದಿಸಬೇಕಾಗುತ್ತದೆ. ಜೆ.ಸಿ. ರಸ್ತೆಯಲ್ಲಿ ಅದನ್ನು ಮಾರುವವರಿಲ್ಲ.